ಕೀಳಬೇಡಿ

ನನ್ನ ಎಡಗಡೆಯ ಕೆಳದವಡೆಯಲ್ಲಿ ಒಂದು ಹಲ್ಲಿದೆ. ಅದರ ಮೇಲೆ ಈಗ ಸ್ಟೀಲಿನ ಟೋಪಿ. ಕನ್ನಡಿ ಮುಂದೆ ಬಾಯಿ ಅಗಲಿಸಿದರೆ ಸಂತೆಯಲ್ಲಿ ತಂದ ಹೊಸ ಲೋಟದ ಹಾಗೆ ಹೊಳೆಯುತ್ತದೆ. ಆ ಹಲ್ಲು ನನ್ನ ಬಾಯಲ್ಲಿ ಉಳಿದದ್ದು ಹೇಗೆ ಅಂತ ಬರೆಯಲು ಕೂತಿದ್ದೇನೆ. ಹಲ್ಲುನೋವಿನ ಬಗ್ಗೆ ಏನು ಬರೀತೀಯೆ, ಹಸಿವಿನ ಬಗ್ಗೆ ಬರಿ, ಭೂಮಿಯ ಬಗ್ಗೆ ಬರಿ ಅಂತ ಗೆಳೆಯರು ನಕ್ಕರು. ನಗಲಿ. ಹಲ್ಲಿದ್ದವರು ಬಾಯಿ ತುಂಬ ನಗಬಹುದು. ನಮ್ಮವ್ವ ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಅವ್ವನಿಗೆ ಈಗ ನಲವತ್ತಾರು. ಬಾಯಲ್ಲಿ ಉಳಿದಿರುವುದು ಹತ್ತು ಹಲ್ಲು. ಹುಣಸೂರು ತಾಲ್ಲೂಕಿನ ನಮ್ಮೂರಲ್ಲಿ ಹೊಗೆಸೊಪ್ಪಿನ ಕಾಲ ಬಂದರೆ ಅವಳು ಬ್ಯಾರನ್ ಮುಂದೆ ಕೂತು ಸೊಪ್ಪು ಕಟ್ಟುತ್ತಾಳೆ. ಉಳಿದ ಕಾಲಕ್ಕೆ ಕಳೆ, ನಾಟಿ, ಕುಯ್ಲು. ಹೊಟ್ಟೆ ಚುರುಗುಟ್ಟಿದರೆ ಎಲೆ ಅಡಿಕೆ, ಜೊತೆಗೆ ಒಂದು ಚಿಟಿಕೆ ಕಡ್ಡಿಪುಡಿ. ಹಸಿವು ಅಡಗುತ್ತಿತ್ತು, ಹಲ್ಲು ಹೋಗುತ್ತಿತ್ತು. ಒಂದೊಂದು ಹಲ್ಲು ನೋಯತೊಡಗಿದಾಗಲೂ ತಿಂಗಳುಗಟ್ಟಲೆ ಲವಂಗ ಕಚ್ಚಿ, ಕಡ್ಡಿಪುಡಿ ಒತ್ತಿ ತಡೆದುಕೊಳ್ಳುವಳು. ಕೆನ್ನೆ ಊದಿ ಕಣ್ಣು ಮುಚ್ಚಿಹೋದ ಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೀಳಿಸಿಕೊಂಡು ಬರುವಳು. ಬೆಳಿಗ್ಗೆ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಮಧ್ಯಾಹ್ನದ ಮೇಲಿನ ಅರ್ಧ ಕೂಲಿಗೆ ಹೋದದ್ದನ್ನು ನಾನು ನೋಡಿದ್ದೇನೆ.

ನಮ್ಮ ಕೇರಿಯಲ್ಲಿ ಹಲ್ಲುನೋವಿಗೆ ಇರುವುದು ಒಂದೇ ಮದ್ದು. ಕೀಳು. ಹಲ್ಲು ಕೀಳು ಅಂದರೂ ಅದೇ ಮಾತು, ಕೀಳು ಜಾತಿ ಅಂದರೂ ಅದೇ ಮಾತು. ಎರಡಕ್ಕೂ ಬೇರು ಒಂದೋ ಎರಡೋ, ಅದನ್ನು ಭಾಷಾಶಾಸ್ತ್ರದ ಮೇಷ್ಟ್ರು ನೋಡಿಕೊಳ್ಳಲಿ. ನನಗೆ ಗೊತ್ತಿರುವುದು ಇಷ್ಟು: ಎರಡನೆಯ ಮಾತು ಅನ್ನಿಸಿಕೊಂಡವರ ಬಾಯಿಗೇ ಮೊದಲನೆಯ ಮಾತು ಬೇಗ ಬರುತ್ತದೆ.

ನನ್ನ ಹಲ್ಲು ನೋಯತೊಡಗಿದ್ದು ಕನ್ನಡ ಎಂ.ಎ. ಮೂರನೆಯ ಸೆಮಿಸ್ಟರಿನಲ್ಲಿ, ಮೈಸೂರಿನ ಹಾಸ್ಟೆಲಿನಲ್ಲಿ. ಪರೀಕ್ಷೆಗೆ ಮೂರು ವಾರ ಇತ್ತು. ಮೊದಲು ತಣ್ಣೀರು ಕುಡಿದಾಗ ಜುಂ ಅನ್ನುವುದು. ಆಮೇಲೆ ಬಿಸಿ ಸಾರಿಗೂ. ಆಮೇಲೆ ಏನೂ ಇಲ್ಲದೆ, ರಾತ್ರಿ ಮಲಗಿದ ತಕ್ಷಣ. ಹಲ್ಲುನೋವಿಗೆ ಹಗಲು ಕೆಲಸವಿಲ್ಲ, ಅದು ರಾತ್ರಿ ಪಾಳಿ. ಒಂದೇ ರೂಮಿನಲ್ಲಿ ನಾಲ್ಕು ಜನ ಹುಡುಗಿಯರು. ನಾನು ಅತ್ತರೆ ಅವರಿಗೆ ನಿದ್ದೆ ಇಲ್ಲ. ದಿಂಬನ್ನು ಬಾಯಿಗೆ ಒತ್ತಿಕೊಂಡು ವರಾಂಡದಲ್ಲಿ ಓಡಾಡುತ್ತಿದ್ದೆ. ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿದೆ. ಎರಡು ದಿನ ಸುಮ್ಮನಾಯಿತು. ಗುಣವಾಯಿತು ಅಂದುಕೊಂಡೆ. ಮಾತ್ರೆ ನೋವಿನ ಬಾಯಿ ಮುಚ್ಚಿಸುತ್ತದೆ ಹೊರತು ಹಲ್ಲಿನೊಳಗಿನ ಕೊಳೆತವನ್ನು ತೆಗೆಯುವುದಿಲ್ಲ ಅಂತ ಮೂರನೆಯ ರಾತ್ರಿ ತಿಳಿಯಿತು.

ಪೇಟೆಯ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಗಾಜಿನ ಬಾಗಿಲು. ಒಳಗೆ ನಗುವ ಬಿಳಿ ಹುಡುಗಿಯರ ಪಟಗಳು. ಡಾಕ್ಟರು ನೋಡಿ, ರೂಟ್ ಕೆನಾಲ್ ಮಾಡಬೇಕು, 5,500. ಮೇಲೆ ಕ್ಯಾಪು 4,000 ಅಂದರು. ನಾನು ಸುಮ್ಮನಿದ್ದೆ. ನನ್ನ ಚಪ್ಪಲಿ ನೋಡಿದರೋ, ನನ್ನ ಸುಮ್ಮನಿದ್ದದ್ದನ್ನೇ ನೋಡಿದರೋ ಗೊತ್ತಿಲ್ಲ, 'ಇಲ್ಲಾಂದ್ರೆ ಕೀಳಿಸ್ಕೊಂಬಿಡಿ, ಐನೂರಕ್ಕೆ ಮುಗೀತದೆ' ಅಂದರು. ಬೈದು ಹೇಳಲಿಲ್ಲ, ಕನಿಕರದಿಂದಲೇ ಹೇಳಿದರು. ಕನಿಕರದಿಂದ ಹೇಳಿದ್ದಕ್ಕೇ ನನಗೆ ಹೆಚ್ಚು ಉರಿಯಿತು.

ಹಾಸ್ಟೆಲಿಗೆ ನಡೆದು ಬರುತ್ತ ಲೆಕ್ಕ ಹಾಕಿದೆ. ಅವ್ವನ ದಿನದ ಕೂಲಿ 300. ಒಂದು ತಿಂಗಳು ಒಂದು ದಿನವೂ ತಪ್ಪದೆ ದುಡಿದು, ಒಂದು ಹೊತ್ತೂ ಉಣ್ಣದಿದ್ದರೆ 9,000. ಆದರೂ 500 ಕಡಿಮೆ. ನನ್ನ ಸ್ಕಾಲರ್‌ಶಿಪ್ಪಿನ ಅರ್ಜಿ ಎಸ್‌ಎಸ್‌ಪಿ ಪೋರ್ಟಲಿನಲ್ಲಿ 'ಪರಿಶೀಲನೆಯಲ್ಲಿದೆ' ಅಂತ ತೋರಿಸುತ್ತ ತಿಂಗಳುಗಳಾಗಿದ್ದವು. ಅವ್ವನಿಗೆ ಫೋನ್ ಮಾಡಿದೆ.

'ಕಿತ್ತಾಕ್ಸು ಕೂಸೆ. ನೋವೂ ಹೋಯ್ತದೆ, ಕಾಸೂ ಉಳೀತದೆ. ನಾನ್ ಕೀಳಿಸ್ಕಂಡಿಲ್ವಾ? ಸತ್ತೋದ್ನಾ?'

ಸಾಯಲಿಲ್ಲ, ನಿಜ. ಆದರೆ ಅವ್ವ ರಾಗಿಮುದ್ದೆಯನ್ನು ಮಾತ್ರ ನುಂಗುತ್ತಾಳೆ. ಕಡಲೆಕಾಯಿ ತಿಂದು ವರ್ಷಗಳಾದವು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುವ ಗಾದೆ ಮಾಡಿದವರು ನಮ್ಮ ಕೇರಿ ಕಡೆ ಬಂದಿರಲಿಲ್ಲ. ನಮ್ಮವ್ವನಿಗೆ ಕಡಲೆಯೂ ಇಲ್ಲ, ಹಲ್ಲೂ ಇಲ್ಲ.

ಕೀಳಿಸುವುದೇ ಅಂತ ನಿಶ್ಚಯ ಮಾಡಿಕೊಂಡು ಊರಿಗೆ ಹೋದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಒಬ್ಬರೇ. ಹೊರಗೆ ಬೆಂಚಿನ ತುಂಬ ಕೆನ್ನೆ ಹಿಡಿದುಕೊಂಡ ಜನ. ಎಲ್ಲರೂ ನಮ್ಮವರೇ, ಎಲ್ಲರೂ ಕೀಳಿಸಿಕೊಳ್ಳಲು ಬಂದವರೇ. ನನ್ನ ಸರದಿ ಬಂದಾಗ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. 'ಏನ್ ಓದ್ತಿದೀಯಮ್ಮ?' ಅಂದರು. ಹೇಳಿದೆ. 'ಇದು ಯಾವ ಹಲ್ಲು ಗೊತ್ತಾ? ಆರನೇ ವರ್ಷಕ್ಕೆ ಬರೋ ಹಲ್ಲು. ಹಾಲುಹಲ್ಲು ಒಂದೂ ಬೀಳದೆ, ಅವುಗಳ ಹಿಂದೆ ಸದ್ದಿಲ್ಲದೆ ಬಂದು ಕೂರ್ತದೆ. ಎಲ್ರೂ ಇದನ್ನೂ ಹಾಲುಹಲ್ಲು ಅಂತಲೇ ತಿಳ್ಕೋತಾರೆ. ಇದು ಹೋದ್ರೆ ಮತ್ತೆ ಹುಟ್ಟಲ್ಲ' ಅಂದರು.

ನಾನು ಕುರ್ಚಿಯಲ್ಲೇ ತಣ್ಣಗಾದೆ. ಒಂದನೇ ಕ್ಲಾಸಿನಲ್ಲೋ ಎರಡನೇ ಕ್ಲಾಸಿನಲ್ಲೋ ಹಲ್ಲಿನಲ್ಲಿ ಕರೀ ಚುಕ್ಕೆ ಆಗಿದೆ ಅಂತ ನಾನು ಮೇಷ್ಟ್ರಿಗೆ ಬಾಯಿ ತೆರೆದು ತೋರಿಸಿದ್ದೆ. ಒಳ್ಳೆಯ ಮೇಷ್ಟ್ರು. ನನಗೆ ಅಕ್ಷರ ಕೊಟ್ಟವರು. ಅವರು ನಕ್ಕು, 'ಹಾಲಲ್ಲು ಕಣಮ್ಮ, ಬಿದ್ದು ಹೊಸದು ಬರ್ತದೆ' ಅಂದಿದ್ದರು. ಅವರಿಗೂ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಇಟ್ಟಿಗೆಪುಡಿ, ಇದ್ದಿಲು ಹಾಕಿ ತಿಕ್ಕಿ ತಿಕ್ಕಿ ನಮ್ಮ ಹಲ್ಲಿನ ಮೇಲುಪದರವೇ ಸವೆದಿತ್ತು. ಮೇಲೆ ಅಂಗಡಿಯ ಒಂದು ರೂಪಾಯಿಯ ಚಾಕಲೇಟು. ಸಕ್ಕರೆ ಹಲ್ಲಿನ ಸಂದಿಯಲ್ಲಿ ಕೂತರೆ ಬಾಯೊಳಗಿನ ಸಣ್ಣ ಜೀವಿಗಳು ಅದನ್ನು ತಿಂದು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕೊರೆಯುತ್ತದೆ. ಮೇಲುಪದರ ಕೊರೆಯುವವರೆಗೆ ನೋವಿಲ್ಲ. ನರ ಮುಟ್ಟಿದ ಮೇಲೆ ನೋವು. ಚುಕ್ಕೆಯಾಗಿದ್ದಾಗಲೇ ಕೊರೆದು ಸಿಮೆಂಟು ತುಂಬಿದ್ದರೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗಾಗಿ ನನ್ನ ಹಲ್ಲು ಹದಿನೇಳು ವರ್ಷ ಕಾದಿತ್ತು.

'ಇಲ್ಲಿ ರೂಟ್ ಕೆನಾಲ್ ಸಾಮಾನಿಲ್ಲ. ಇದ್ರೂ ಒಂದು ಹಲ್ಲಿಗೆ ಅಷ್ಟು ಹೊತ್ತು ಕೂತ್ರೆ ಹೊರಗಿರೋರನ್ನ ಯಾರು ನೋಡ್ತಾರೆ? ನೀನು ಡೆಂಟಲ್ ಕಾಲೇಜಿಗೆ ಹೋಗು. ಸಿಟ್ಟು ಬರೋ ಹಾಗೆ ಕಾಯಿಸ್ತಾರೆ. ಆದ್ರೆ ಹಲ್ಲು ಉಳೀತದೆ' ಅಂತ ಹೇಳಿ ಚೀಟಿ ಬರೆದುಕೊಟ್ಟರು.

ಇಲ್ಲಿ ಸರ್ಕಾರದ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಬಿಪಿಎಲ್ ಕಾರ್ಡಿನ ವಯಸ್ಸಾದವರಿಗೆ ಪುಕ್ಕಟೆ ಹಲ್ಲುಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2014ರಲ್ಲಿ ತಂದಿತು. ಒಳ್ಳೆಯದೇ. ಎಷ್ಟೋ ಮುದುಕ ಮುದುಕಿಯರು ಮತ್ತೆ ರೊಟ್ಟಿ ತಿಂದಿದ್ದಾರೆ. ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಭಾಗ್ಯ. ಹಲ್ಲು ಇರುವಾಗಲೇ ಉಳಿಸುವ ಭಾಗ್ಯ ಯಾವುದು? 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬಂತು. ನಮ್ಮ ಮನೆಯಲ್ಲೂ ಕಾರ್ಡಿದೆ. ಅದನ್ನು ಹಿಡಿದು ಹೋಗಿ ಕೇಳಿದೆ. ರೂಟ್ ಕೆನಾಲಿಗೆಲ್ಲ ಇದು ನಡೆಯಲ್ಲಮ್ಮ ಅಂದರು. ಹೃದಯಕ್ಕೆ ಕಾರ್ಡು, ಮೂತ್ರಪಿಂಡಕ್ಕೆ ಕಾರ್ಡು, ನನ್ನ ಹಲ್ಲಿಗೆ ಮಾತ್ರ ಲವಂಗ.

ಸರ್ಕಾರಿ ದಂತ ಕಾಲೇಜೊಂದು ಬೆಂಗಳೂರಿನಲ್ಲಿ 1958ರಿಂದ ಇದೆ. ಮೈಸೂರಿನಿಂದ ಅಲ್ಲಿಗೆ 140 ಕಿಲೋಮೀಟರು. ರೂಟ್ ಕೆನಾಲ್ ಅಂದರೆ ನಾಲ್ಕೈದು ಸಲ ಹೋಗಬೇಕು. ಪರೀಕ್ಷೆ ತಲೆ ಮೇಲೆ. ಹಾಸ್ಟೆಲಿನ ಸೀನಿಯರ್ ಅಕ್ಕ ಒಬ್ಬಳು ಹೇಳಿದಳು: 'ಇಲ್ಲೇ ಪ್ರೈವೇಟ್ ಡೆಂಟಲ್ ಕಾಲೇಜಿದೆಯಲ್ಲ, ಅಲ್ಲಿಗೆ ಹೋಗೆ. ಹುಡುಗ್ರು ಮಾಡ್ತಾರೆ, ಮೇಷ್ಟ್ರು ನೋಡ್ತಾರೆ. ಕಡಿಮೆಗೆ ಆಗ್ತದೆ.'

ಲಕ್ಷಾಂತರ ಫೀಸು ಕಟ್ಟಿ ಮಕ್ಕಳು ಓದುವ ಕಾಲೇಜು ನನ್ನಂಥವಳಿಗೆ ಕಡಿಮೆ ದುಡ್ಡಿನಲ್ಲಿ ಯಾಕೆ ಹಲ್ಲು ಮಾಡಿಕೊಡುತ್ತದೆ? ಧರ್ಮಕ್ಕಲ್ಲ. ನಾಲ್ಕು ವರ್ಷ ಓದಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡುವ ಬಿ.ಡಿ.ಎಸ್. ಹುಡುಗರೂ, ಅದರ ಮೇಲೆ ಮೂರು ವರ್ಷ ಎಂ.ಡಿ.ಎಸ್. ಓದುವವರೂ ಇಂತಿಷ್ಟು ಹಲ್ಲು ತುಂಬಬೇಕು, ಇಂತಿಷ್ಟು ಕೀಳಬೇಕು, ಇಂತಿಷ್ಟು ಬೇರು ಶುದ್ಧ ಮಾಡಬೇಕು. ರೋಗಿಗಳಿಲ್ಲದೆ ಅವರಿಗೆ ಕಲಿಕೆಯಿಲ್ಲ, ಕಾಲೇಜಿಗೆ ಮಾನ್ಯತೆಯಿಲ್ಲ. ಇದ್ದವರ ಮಕ್ಕಳು ಡಾಕ್ಟರಾಗಬೇಕಾದರೆ ಇಲ್ಲದವರು ಬಾಯಿ ತೆರೆಯಬೇಕು. ಈ ಮಾತು ತಿಳಿದ ಮೇಲೆ ನನ್ನ ಅಳುಕು ಅರ್ಧ ಹೋಯಿತು. ನಾನು ಭಿಕ್ಷೆ ಬೇಡಲು ಹೋಗುತ್ತಿಲ್ಲ. ನಾನೂ ಏನೋ ಕೊಡುತ್ತಿದ್ದೇನೆ.

ಬೆಳಿಗ್ಗೆ ಎಂಟೂವರೆಗೇ ಹೋದೆ. ಒಂಬತ್ತರ ಮೇಲೆ ಹೋದರೆ ಸಾಲು ಉದ್ದ. ಬಸ್ಸಿಗೆ ಕಾಸಿಲ್ಲ, 2023ರ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ಟು. ಕಾರ್ಡು ಮಾಡಿಸಲು 20 ರೂಪಾಯಿ. ಮೊದಲು ಒಂದು ವಿಭಾಗದಲ್ಲಿ ಬಾಯಿ ನೋಡಿ ಬರೆದುಕೊಂಡರು. ಆಮೇಲೆ ಎಕ್ಸರೇ. ಆಮೇಲೆ ಮಹಡಿ ಹತ್ತಿ ರೂಟ್ ಕೆನಾಲ್ ವಿಭಾಗ. ಉದ್ದನೆಯ ಹಾಲು, ಸಾಲಾಗಿ ಕುರ್ಚಿಗಳು, ಎಲ್ಲ ಕುರ್ಚಿಯಲ್ಲೂ ಬಾಯಿ ತೆರೆದ ಒಬ್ಬೊಬ್ಬ ಬಡವ.

ನನಗೆ ಸಿಕ್ಕವಳು ಎಂ.ಡಿ.ಎಸ್. ಮೊದಲ ವರ್ಷದ ಹುಡುಗಿ. ಅವಳೂ ಪೀಜಿ, ನಾನೂ ಪೀಜಿ. 'ಬಾಯಿ ಬಿಡಿ' ಅಂದಳು. ನನಗೆ ಬಾಯಿ ಬರಲಿಲ್ಲ. ಹುಡುಗಿ ಬಾಯಿ ಬಿಡಬಾರದು ಅಂತ ಕೇಳಿ ಬೆಳೆದವಳು ನಾನು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು. ನಮ್ಮೂರ ಹೋಟ್ಲಿನಲ್ಲಿ ನಮ್ಮಪ್ಪನ ಲೋಟ ಬೇರೆ ಇತ್ತು. ಅಪ್ಪನ ಬಾಯಿ ಮುಟ್ಟಿದ ಲೋಟವನ್ನು ಅಪ್ಪನೇ ತೊಳೆದು ಬೋರಲು ಹಾಕಿ ಬರಬೇಕಿತ್ತು. ಅಸ್ಪೃಶ್ಯತೆ ಅಪರಾಧ ಅಂತ 1955ರಲ್ಲೇ ಕಾಯ್ದೆಯಾಗಿತ್ತು. ಹೋಟ್ಲಿನ ಗೂಟಕ್ಕೆ ಅದು ತಿಳಿದಿರಲಿಲ್ಲ. ನಮ್ಮ ಕೈ ಮುಟ್ಟಿದರೆ ಮೈಲಿಗೆ, ನಮ್ಮ ಬಾಯಿ ಮುಟ್ಟಿದ್ದಂತೂ ಕೇಳುವುದೇ ಬೇಡ. ಅಂಥ ಬಾಯೊಳಕ್ಕೆ, ಎಂಜಲೊಳಕ್ಕೆ, ಯಾರೋ ಗೊತ್ತಿಲ್ಲದ ಹುಡುಗಿ ಎರಡು ಬೆರಳು ಇಟ್ಟಳು. ಗ್ಲೌಸು ಹಾಕಿದ್ದಳು. ಅದು ನನಗೊಬ್ಬಳಿಗೆ ಅಲ್ಲ, ಎಲ್ಲರಿಗೂ ಹಾಕುತ್ತಾರೆ ಅಂತ ಅಕ್ಕಪಕ್ಕದ ಕುರ್ಚಿಗಳನ್ನೆಲ್ಲ ನೋಡಿ ಖಾತ್ರಿ ಮಾಡಿಕೊಂಡೆ. ಹೀಗೆ ಖಾತ್ರಿ ಮಾಡಿಕೊಳ್ಳಬೇಕಾದ ಕಷ್ಟ ಪಕ್ಕದ ಕುರ್ಚಿಯವರಿಗೆ ಎಷ್ಟು ಜನಕ್ಕಿತ್ತೋ.

ಸೂಜಿ ಚುಚ್ಚಿದಳು. ಅರ್ಧ ತುಟಿ, ಅರ್ಧ ನಾಲಿಗೆ ನನ್ನದಲ್ಲದ ಹಾಗಾಯಿತು. ಆ ಹಲ್ಲಿಗೆ ಎರಡು ಬೇರು, ಒಳಗೆ ಮೂರು ಕೊಳವೆ ಅಂತ ಎಕ್ಸರೇ ತೋರಿಸಿ ಹೇಳಿದಳು. ಕೂದಲಿನಂಥ ತಂತಿಯಿಂದ ಒಂದೊಂದು ಕೊಳವೆಯನ್ನೂ ಕೆರೆದು, ಕೊಳೆತ ನರ ತೆಗೆದು, ಔಷಧಿ ನೀರಿನಲ್ಲಿ ತೊಳೆದು, ಕೊನೆಗೆ ರಬ್ಬರಿನಂಥದ್ದನ್ನು ತುಂಬಿ ಮುಚ್ಚಬೇಕು. ಒಂದೊಂದು ಹಂತಕ್ಕೂ ಮೇಷ್ಟ್ರು ಬಂದು ನೋಡಿ ಸಹಿ ಹಾಕಬೇಕು. ಸಹಿಯಾಗದೆ ಮುಂದಕ್ಕಿಲ್ಲ. ಪೇಟೆಯಲ್ಲಿ ಒಂದು ಗಂಟೆಯ ಕೆಲಸ ಇಲ್ಲಿ ಒಂದು ಬೆಳಗು ತಿನ್ನುತ್ತಿತ್ತು. ಅವಳ ಹಣೆಯಲ್ಲಿ ಬೆವರು. ನನ್ನ ದವಡೆಯಲ್ಲಿ ಸೋಲು. ಇಬ್ಬರೂ ಮಾತಿಲ್ಲದೆ ಒಂದು ಹಲ್ಲಿಗಾಗಿ ಕಷ್ಟಪಟ್ಟೆವು.

ಎರಡನೆಯ ಸಲ ಹೋಗಿದ್ದು ಪರೀಕ್ಷೆ ನಡುವೆ. ಮೂರನೆಯ ಸಲಕ್ಕೆ ಒಂದು ವಾರ ತಡವಾಯಿತು. ಅವತ್ತು ಮೂರನೆಯ ಕೊಳವೆಗೆ ತಂತಿ ಇಳಿಯಲೇ ಇಲ್ಲ. ಅವಳು ಮತ್ತೆ ಮತ್ತೆ ಎಕ್ಸರೇ ತೆಗೆದಳು. ಮೇಷ್ಟ್ರು ಬಂದರು. ಬೆಳಕಿಗೆ ಹಿಡಿದು ನೋಡಿದರು. ನನ್ನ ಕಾರ್ಡು ತಿರುಗಿಸಿ, ತಡವಾಗಿ ಬಂದ ತಾರೀಖು ನೋಡಿದರು. ನನ್ನನ್ನು ನೋಡಲಿಲ್ಲ. ಅವಳಿಗೆ ಹೇಳಿದರು: 'ಯಾಕೆ ಟೈಮ್ ವೇಸ್ಟ್ ಮಾಡ್ತೀರ? ಇಂಥವರು ಅರ್ಧಕ್ಕೆ ಬಿಟ್ಟು ಹೋಗ್ತಾರೆ. ಕ್ಯಾಪಿಗೂ ಬರಲ್ಲ. ಕೀಳೋದಕ್ಕೆ ಬರೆದು ಕಳಿಸಿ.'

ಇಂಥವರು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ ಅನ್ನುವುದೂ ನನಗೆ ಗೊತ್ತು. ಅರ್ಧಕ್ಕೆ ಬಿಡುವವರು ಇದ್ದಾರೆ. ನೋವು ನಿಂತ ದಿನ ಕೂಲಿ ಕರೆಯುತ್ತದೆ. ನಾಲ್ಕು ಬೆಳಗು ಅಂದರೆ ನಾಲ್ಕು ದಿನದ ಕೂಲಿ. ಅವ್ವ ಅರ್ಧಕ್ಕೂ ಬಾರದವಳು. ಆದರೆ ಯಾಕೆ ಬಿಡುತ್ತಾರೆ ಅಂತ ಕಾರ್ಡಿನಲ್ಲಿ ಬರೆಯಲು ಜಾಗವಿಲ್ಲ. 'ಬರಲಿಲ್ಲ' ಅಂತ ಬರೆಯಲು ಮಾತ್ರ ಜಾಗ.

ನನ್ನ ಅರ್ಧ ಬಾಯಿ ಮರಗಟ್ಟಿತ್ತು. ತುಟಿಯಿಂದ ಜೊಲ್ಲು ಇಳಿಯುತ್ತಿತ್ತು. ವೇದಿಕೆ ಮೇಲೆ ಪದ್ಯ ಓದುವ ಬಾಯಿ ಅದು, ಅವತ್ತು ಒಂದು ಅಕ್ಷರವೂ ನೆಟ್ಟಗೆ ಬರಲಿಲ್ಲ. ಆದರೂ ಎದ್ದು ಕೂತು ಹೇಳಿದೆ: 'ಕೀಳಬೇಡಿ ಸಾರ್. ನಾನು ಬರ್ತೀನಿ. ಎಷ್ಟ್ ಸಲ ಕರೆದ್ರೂ ಬರ್ತೀನಿ. ತಡವಾದದ್ದು ಪರೀಕ್ಷೆಗೆ.'

ಅವರಿಗೆ ಎಷ್ಟು ತಿಳಿಯಿತೋ. ಆ ಹುಡುಗಿ ತಲೆ ತಗ್ಗಿಸಿಕೊಂಡೇ, 'ಸರ್, ಇನ್ನೊಂದ್ಸಲ ಟ್ರೈ ಮಾಡ್ತೀನಿ' ಅಂದಳು. ಅದು ನನಗಾಗಿ ಹೇಳಿದ್ದೋ, ಅವಳ ಲೆಕ್ಕದ ಕೇಸಿಗಾಗಿ ಹೇಳಿದ್ದೋ, ನಾನು ಕೇಳಲಿಲ್ಲ. ಮೇಷ್ಟ್ರು ಒಂದು ಗಳಿಗೆ ನಿಂತರು. ಆಮೇಲೆ ಅವರೇ ಸ್ಟೂಲು ಎಳೆದುಕೊಂಡು ಕೂತು, ಅವಳ ಕೈಯಿಂದ ತಂತಿ ಇಸಿದುಕೊಂಡು, ಅದರ ತುದಿಯನ್ನು ಚೂರು ಬಗ್ಗಿಸಿ ಒಳಗೆ ಬಿಟ್ಟರು. ಇಳಿಯಿತು. 'ಹೀಗೆ' ಅಂದು ಎದ್ದು ಹೋದರು. ಕಾರ್ಡಿನಲ್ಲಿ ಸಹಿ ಬಿತ್ತು. ಹತ್ತು ನಿಮಿಷದ ಹಿಂದೆ ಕೀಳಬೇಕಾಗಿದ್ದ ಹಲ್ಲು ಅದೇ.

ಇದನ್ನೇ ನಾನು ಹೇಳಬೇಕೆಂದಿದ್ದು. ನಮ್ಮ ಹಲ್ಲುಗಳೆಲ್ಲ ಕೀಳಲೇಬೇಕಾದವು ಅಲ್ಲ. ಉಳಿಸಲು ಬರುತ್ತದೆ. ಆದರೆ ಉಳಿಸಿ ಅಂತ ಬಾಯಿ ಬಿಟ್ಟು ಹೇಳುವವರೆಗೆ ಕೀಳುವುದೇ ರೂಢಿ.

ನಾಲ್ಕನೆಯ ಸಲ ಬೇರು ತುಂಬಿದರು. ನರ ತೆಗೆದ ಹಲ್ಲು ಒಣಗಿದ ಕೊಂಬೆಯ ಹಾಗೆ, ಕಡಿದರೆ ಸೀಳುತ್ತದೆ, ಟೋಪಿ ಹಾಕಲೇಬೇಕು ಅಂದರು. ಹಲ್ಲಿನ ಬಣ್ಣದ ಟೋಪಿಗೆ ದುಡ್ಡು ಹೆಚ್ಚು. ಸ್ಟೀಲಿನದು ಸಾಕು ಅಂದೆ. ಲೆಕ್ಕ ಬರೆಯುತ್ತೇನೆ: ಕಾರ್ಡು 20, ಎಕ್ಸರೇ 100, ರೂಟ್ ಕೆನಾಲ್ 700, ಟೋಪಿ 600. ಒಟ್ಟು 1,420. ರೂಮಿನ ಹುಡುಗಿಯರು ಕೂಡಿಸಿ ಕೊಟ್ಟದ್ದು 600. ಒಂದು ಕವಿಗೋಷ್ಠಿಯ ಗೌರವಧನ 500. ಊದಿದ ಕೆನ್ನೆಯಲ್ಲೇ ಓದಿದ್ದೆ, ಸಭಿಕರು ಅದನ್ನು ಆಕ್ರೋಶ ಅಂತ ತಿಳಿದು ಚಪ್ಪಾಳೆ ತಟ್ಟಿದರು. ಉಳಿದದ್ದು ಅವ್ವನದು. ಸ್ಕಾಲರ್‌ಶಿಪ್ಪು ಬಂದದ್ದು ಟೋಪಿ ಹಾಕಿದ ಮೇಲೆ.

ಹಾಸ್ಟೆಲಿನಲ್ಲಿ ಓದುವ ತಂಗಿಯರೆ, ತಮ್ಮಂದಿರೆ, ಇಷ್ಟು ತಿಳಿದುಕೊಳ್ಳಿ. ನೋವು ನಿಂತರೆ ಗುಣವಾಯಿತು ಅಂತಲ್ಲ. ಡೆಂಟಲ್ ಕಾಲೇಜು ಇರುವ ಊರಿನಲ್ಲಿ ಓದುತ್ತಿದ್ದರೆ ಮೊದಲು ಅಲ್ಲಿಗೆ ಹೋಗಿ. ಬೆಳಿಗ್ಗೆ ಬೇಗ ಹೋಗಿ. ಒಟ್ಟು ಎಷ್ಟಾಗುತ್ತದೆ, ಎಷ್ಟು ಸಲ ಬರಬೇಕು ಅಂತ ಶುರುವಿನಲ್ಲೇ ಕೇಳಿ. ಕೀಳುತ್ತೇವೆ ಅಂದರೆ, ಉಳಿಸಲು ಬರುವುದಿಲ್ಲವೇ ಅಂತ ಒಂದು ಸಲ ಕೇಳಿ. ಬರುವುದಿಲ್ಲ ಅಂದರೆ ಯಾಕೆ ಅಂತ ಕೇಳಿ. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡಬೇಡಿ. ನಿಮ್ಮ ಹಿಂದೆ ಬರುವವರಿಗೂ 'ಇಂಥವರು' ಅನ್ನಿಸಬೇಡಿ.

ಹಳ್ಳಿಯ ಮೇಷ್ಟ್ರುಗಳೆ, ಮೇಡಮ್ಮುಗಳೆ, ನಿಮ್ಮ ಕೈಯಲ್ಲಿ ಇದಕ್ಕಿಂತ ದೊಡ್ಡ ಕೆಲಸವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ಬಂದಾಗ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ತೂಕ, ಎತ್ತರ ಬರೆದುಕೊಂಡು ಹೋಗಲು ಬಿಡಬೇಡಿ. ಹಲ್ಲು ನೋಡಿ ಅನ್ನಿ. ನೀವೂ ನೋಡಿ.

ಕಳೆದ ಸಲ ಊರಿಗೆ ಹೋದಾಗ ನಾನು ಓದಿದ ಶಾಲೆಗೆ ಹೋಗಿದ್ದೆ. ಒಂದನೇ ಕ್ಲಾಸಿನ ಮಕ್ಕಳಿಗೆ ನನ್ನ ಸ್ಟೀಲಿನ ಹಲ್ಲು ತೋರಿಸಿದೆ. ಎಲ್ಲರೂ ಮುಗಿಬಿದ್ದು ನೋಡಿದರು. ಅವರ ಬಾಯಿಗಳನ್ನೂ ನೋಡಿದೆ. ನಮ್ಮ ಕೇರಿಯ ಹುಡುಗಿಯೊಬ್ಬಳ ಹಿಂದಿನ ಹಲ್ಲಿನಲ್ಲಿ ಸಾಸಿವೆ ಕಾಳಿನಷ್ಟು ಕರೀ ಚುಕ್ಕೆ. ಅದೇ ಜಾಗ, ಅದೇ ಹಲ್ಲು. ಇದೇನೇ ಪುಟ್ಟಿ ಅಂದೆ.

'ಹಾಲಲ್ಲು ಬುಡಕ್ಕ, ಬಿದ್ದೋಯ್ತದೆ' ಅಂದಳು.

ಅವಳ ಅವ್ವನ ಮನೆ ಎಲ್ಲಿ ಅಂತ ಕೇಳಿಕೊಂಡು ಹೊರಟೆ.